ನಿಧಾನಕ್ಕ ಎತ್ತಿದ ಭಾರ

ನಮ್ಮ ಕಟ್ಟಡದ ಎರಡನೇ ಮಹಡಿಯ ಅಕ್ಕನಿಗೆ ನಿಧಾನಕ್ಕ ಎಂದು ಹೆಸರಿಟ್ಟವಳು ನಾನೇ. ನೆಲಮಹಡಿಯಲ್ಲಿ ಜೆರಾಕ್ಸ್ ಅಂಗಡಿ ಇಟ್ಟುಕೊಂಡು ಕೂತವಳಿಗೆ ಹೋಗುವವರು ಬರುವವರಿಗೆ ಹೆಸರಿಡುವುದು ಬಿಟ್ಟು ಬೇರೆ ಏನು ಮನರಂಜನೆ ಇರುತ್ತದೆ? ಆದರೆ ಈ ಹೆಸರು ಅಂಗಡಿಯಲ್ಲಿ ಹುಟ್ಟಿದ್ದಲ್ಲ. ಟೈರ್ ಅಂಗಡಿಯ ಮೇಲಿನ ಜಿಮ್ಮಿನಲ್ಲಿ ನಾವೆಲ್ಲ ಕೈಕಾಲು ಚೆಲ್ಲಿ ನೆಲಕ್ಕೆ ಬಿದ್ದಿರುವಾಗ ಇವಳೊಬ್ಬಳು ತನ್ನ ಪಾಡಿಗೆ ತಾನು ಇನ್ನೂ ಎತ್ತುತ್ತಾ ಇಳಿಸುತ್ತಾ ಇರುತ್ತಿದ್ದಳಲ್ಲ, ಆಗ ಬಾಯಿಗೆ ಬಂದ ಹೆಸರು ಅದು.

ಅಕ್ಕ ಒಂದು ದೊಡ್ಡ ಹೋಟೆಲಿನಲ್ಲಿ ಹಾಸಿಗೆ ಬಟ್ಟೆ ಮಡಿಸುವ ಕೆಲಸದವಳು. ಬೆಳಿಗ್ಗೆಯಿಂದ ಸಂಜೆವರೆಗೆ ನಿಂತೇ ಇರಬೇಕು. ಒಣಗಿಸುವ ಯಂತ್ರದಿಂದ ಬಿಸಿಬಿಸಿಯಾಗಿ ಹೊರಬಂದ ಬಿಳಿ ಬಟ್ಟೆಯ ಎರಡು ತುದಿ ಇವಳು, ಇನ್ನೆರಡು ತುದಿ ಇನ್ನೊಬ್ಬಳು ಹಿಡಿದು, ಎಳೆದು ಸುಕ್ಕು ಬಿಡಿಸಿ, ಒಬ್ಬರ ಕಡೆಗೊಬ್ಬರು ನಡೆದು ಬಂದು ಮಡಿಸುವುದು. “ದಿನಾ ಅವಳ ಮುಖ ಎಷ್ಟು ಸಲ ನೋಡ್ತೀನಿ ಅಂದ್ರೆ, ಮನೆಗೆ ಬಂದು ಕನ್ನಡಿ ನೋಡ್ಕೊಂಡ್ರೂ ಅವಳೇ ಕಾಣ್ತಾಳೆ” ಅನ್ನುತ್ತಿದ್ದಳು.

ಅವಳ ಗಂಡನನ್ನು ನಾನು ಭಾವ ಅಂತಲೇ ಕರೆಯುತ್ತಿದ್ದೆ. ಮನೆ ಬದಲಾಯಿಸುವವರ ಸಾಮಾನು ಹೊತ್ತು ಸಾಗಿಸುವ ಕಂಪನಿಯಲ್ಲಿ ಅವರು ಹಳಬರು. ಆಳು ಆನೆಯಂಥವರು. ಲಿಫ್ಟ್ ಇಲ್ಲದ ಮನೆಗಳಿಗೆ ಬೀರುವನ್ನು ಬೆನ್ನಿಗೆ ಪಟ್ಟಿ ಹಾಕಿ ಬಿಗಿದುಕೊಂಡು ಒಬ್ಬರೇ ಹತ್ತಿಸುತ್ತಿದ್ದರು. ಪ್ರಪಂಚದ ತೂಕವನ್ನೆಲ್ಲ ಮನೆ ಸಾಮಾನಿನಲ್ಲೇ ಅಳೆಯುವ ಚಟ ಅವರಿಗೆ. ನನ್ನನ್ನು ಮೊದಲ ಸಲ ನೋಡಿದಾಗ ಮೇಲಿಂದ ಕೆಳಗೆ ಕಣ್ಣಾಡಿಸಿ, “ತಂಗಿ ಒಂದು ಮರದ ಸೋಫಾ. ಮೂರು ಜನ ಕೂರೋದು” ಅಂದಿದ್ದರು. ನಾನು ಒಂದು ವಾರ ಮಾತು ಬಿಟ್ಟಿದ್ದೆ. ಅಂಥವರು ಒಂದು ದಿನ ಯಾರದೋ ಮನೆಯ ಮೆಟ್ಟಿಲ ತಿರುವಿನಲ್ಲಿ ಪಟ್ಟಿ ಹರಿದು, ಹೊತ್ತ ಬೀರುವಿನ ಕೆಳಗೇ ಸಿಕ್ಕಿಕೊಂಡರು. ಬೆನ್ನುಮೂಳೆ ಮುರಿಯಿತು. ಸೊಂಟದಿಂದ ಕೆಳಗೆ ಸ್ವಾಧೀನ ಹೋಯಿತು.

ಅಲ್ಲಿಂದ ಎತ್ತುವ ಪಾಳಿ ಅಕ್ಕನದಾಯಿತು. ಹಾಸಿಗೆಯಿಂದ ಗಾಲಿಕುರ್ಚಿಗೆ, ಕುರ್ಚಿಯಿಂದ ಬಚ್ಚಲಿಗೆ, ತಿರುಗಿ ಹಾಸಿಗೆಗೆ. ಅಕ್ಕ ಕಂಕುಳಿಗೆ ಕೈಹಾಕಿದರೆ ನಾನು ಮೊಣಕಾಲು ಹಿಡಿಯುತ್ತಿದ್ದೆ, ನಾನಿಲ್ಲದಾಗ ವಾಚ್‌ಮನ್. ಮಲಗಿದಲ್ಲಿಂದಲೇ ಭಾವನ ಮೇಸ್ತ್ರಿಗಿರಿ ನಡೆಯುತ್ತಿತ್ತು. “ಕಾಲು ಹಿಡಿದೋರು ಮುಂದೆ ಓಡ್ಬಾರ್ದು ತಂಗಿ. ಬಾಗಿಲ ಮೂಲೆ ತಗುಲುತ್ತೆ ನೋಡ್ಕೊಂಡು. ಪಾಲಿಶ್ ಹೋದ್ರೆ ಗಿರಾಕಿ ಬೈತಾರೆ.” ನಾವು ನಕ್ಕು ನಕ್ಕು ಕೈ ಸಡಿಲವಾಗಿ ಅವರನ್ನು ಬೀಳಿಸುವುದೊಂದು ಬಾಕಿ.

ನಗುವಿದ್ದ ಮಾತ್ರಕ್ಕೆ ಬದುಕು ಸುಲಭ ಅಂತಲ್ಲ. ಒಂದು ಸಂಜೆ ನಾನು ಊರಲ್ಲಿರಲಿಲ್ಲ, ವಾಚ್‌ಮನ್ ರಜೆ. ಅಕ್ಕ ಒಬ್ಬಳೇ ಎತ್ತಲು ಹೋಗಿ ಇಬ್ಬರೂ ಬಚ್ಚಲ ಬಾಗಿಲಲ್ಲಿ ಬಿದ್ದರು. ಬೆಳಗಾಗುವವರೆಗೆ ಅಲ್ಲೇ ಅವರಿಗೊಂದು ದಿಂಬು ಕೊಟ್ಟು ಪಕ್ಕದಲ್ಲಿ ಕೂತಿದ್ದಳಂತೆ. ಸುದ್ದಿ ತಿಳಿದು ನಾದಿನಿ ಬಂದಳು. ಕೆಟ್ಟ ಹೆಂಗಸಲ್ಲ, ಅಣ್ಣನ ಮೇಲೆ ಪ್ರಾಣ. ಇಂಥವರನ್ನು ನೋಡಿಕೊಳ್ಳುವ ಕೇಂದ್ರವೊಂದು ಅವಳ ಊರಿನ ಕಡೆ ಇದೆ, ಎತ್ತಲು ಯಂತ್ರವೇ ಇದೆ, ಅಲ್ಲಿಗೆ ಸೇರಿಸೋಣ ಎಂದು ಪಟ್ಟು ಹಿಡಿದಳು.

“ಅಲ್ಲಿ ನಾನು ದಿನಾ ಬರೋಕಾಗುತ್ತಾ?” ಅಂದಳು ಅಕ್ಕ.

“ತಿಂಗಳಿಗೊಂದ್ಸಲ ಬಾ ಅತ್ತಿಗೆ. ನೀನೇ ಹೇಳು, ಒಬ್ಬಳೇ ಎತ್ತೋಕಾಗಲ್ಲ, ಇನ್ನು ಹೇಗೆ ನೋಡ್ಕೋತೀಯ?”

“ಎತ್ತೋಕೆ ಬಂದ್ರೆ?”

“ಬಂದ್ರೆ ನಾನು ಬಾಯೇ ಬಿಡಲ್ಲ. ಮಕ್ಕಳ ಶಾಲೆ ರಜೆಗೆ ಬರ್ತೀನಿ. ಎತ್ತಿ ತೋರಿಸು.”

ಭಾವ ಗೋಡೆಯ ಕಡೆ ತಿರುಗಿದ್ದರು. ಅವತ್ತು ಅವರು ತಮಾಷೆ ಮಾಡಲಿಲ್ಲ.

ಮರುದಿನವೇ ಅಕ್ಕ ನನ್ನನ್ನು ಎಳೆದುಕೊಂಡು ಜಿಮ್ಮಿಗೆ ಹೊರಟಳು. ಬೆಳಿಗ್ಗೆ ಕೆಲಸಕ್ಕೆ ಮುಂಚೆ ಅಲ್ಲಿ ಹತ್ತು ಹನ್ನೆರಡು ಜನ ಒಟ್ಟಿಗೆ ವ್ಯಾಯಾಮ ಮಾಡುತ್ತಿದ್ದರು: ಬ್ಯಾಂಕಿನವರು, ಕಟಿಂಗ್ ಶಾಪಿನವನು, ಇಬ್ಬರು ನರ್ಸುಗಳು. ಕಲಿಸುವ ಮಾಸ್ಟ್ರು ಹಿಂದೆ ಭಾರ ಎತ್ತುವ ಸ್ಪರ್ಧೆಗಳಿಗೆ ಹೋಗುತ್ತಿದ್ದವರು, ಭುಜ ಕೆಟ್ಟು ಬಿಟ್ಟವರು. ಅಕ್ಕ ನೇರವಾಗಿ ಕೇಳಿದಳು. “ಒಬ್ಬ ಗಂಡಸನ್ನ ಹಾಸಿಗೆಯಿಂದ ಎತ್ತೋದು ಕಲಿಸ್ತೀರಾ?” ಮಾಸ್ಟ್ರು ಪೂರ್ತಿ ಕಥೆ ಕೇಳಿ, ನಾಳೆಯಿಂದ ಬನ್ನಿ ಅಂದರು.

ಗೋಡೆಯ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಆ ದಿನದ ಶಿಕ್ಷೆ ಬರೆದಿರುತ್ತಿತ್ತು. ನೆಲದಿಂದ ಕಬ್ಬಿಣದ ಸರಳು ಎತ್ತಬೇಕು, ಮರದ ಪೆಟ್ಟಿಗೆ ಹತ್ತಿ ಇಳಿಯಬೇಕು, ಮರಳು ಚೀಲ ತಬ್ಬಿಕೊಂಡು ಈ ಗೋಡೆಯಿಂದ ಆ ಗೋಡೆಗೆ ನಡೆಯಬೇಕು. ಹೀಗೆ ಐದು ಸುತ್ತು. ಮರಳು ಚೀಲ ತೂಕದಲ್ಲಿ ಮೂರು ಬಗೆ. ಯಾರೋ ಪುಣ್ಯಾತ್ಮರು ಅವಕ್ಕೆ ಮಗು, ಸೊಸೆ, ಅತ್ತೆ ಎಂದು ಹೆಸರಿಟ್ಟಿದ್ದರು. ಅತ್ತೆಯನ್ನು ನೆಲ ಬಿಡಿಸುವವರು ಅಲ್ಲಿ ಬೆರಳೆಣಿಕೆಯ ಜನ. ಬ್ಯಾಂಕಿನ ಹೆಂಗಸೊಬ್ಬಳು ಅದನ್ನು ಎತ್ತಿ ಕೆಳಗೆ ಬಿಡುವಾಗ ಮುಖದ ಮೇಲೆ ಮೂಡುತ್ತಿದ್ದ ನೆಮ್ಮದಿಯನ್ನು ನೋಡಿಯೇ ಅವಳ ಮನೆಯ ಪರಿಸ್ಥಿತಿ ಹೇಳಬಹುದಿತ್ತು.

ಮೊದಲ ದಿನ ನಾವಿಬ್ಬರೂ ಹುಚ್ಚು ಹಿಡಿದವರ ಹಾಗೆ ಶುರು ಮಾಡಿದೆವು. ಪಕ್ಕದವರು ಓಡಿದರೆ ನಾವೂ ಓಡುವುದು, ಅವರು ಸರಳಿಗೆ ಭಾರದ ಹಳದಿ ಪ್ಲೇಟು ಹಾಕಿಕೊಂಡರೆ ನಮಗೂ ಹಳದಿ. ಎರಡನೇ ಸುತ್ತು ಮುಗಿಯುವಷ್ಟರಲ್ಲಿ ನಾನು ಕಿಟಕಿಯ ಹತ್ತಿರ ವಾಂತಿ ಬಂದ ಹಾಗಾಗಿ ಕೂತಿದ್ದೆ. ಅಕ್ಕನ ಕಣ್ಣಿಗೆ ಕತ್ತಲು ಕವಿದಿತ್ತು. ಮಾಸ್ಟ್ರು ಅವಳ ಸರಳಿನಿಂದ ಪ್ಲೇಟುಗಳನ್ನೆಲ್ಲ ಕಳಚಿ ಬರಿ ಸರಳು ಕೊಟ್ಟರು.

“ಅಕ್ಕ, ಹಲಗೆ ಮೇಲಿರೋದು ಎಲ್ಲರಿಗೂ ಬರೆದಿದ್ದು. ನಿಮಗೆ ಬೇಕಾದಷ್ಟು ನೀವು ಕತ್ತರಿಸ್ಕೋಬೇಕು. ತೂಕ ಇಳಿಸಿ, ಎಷ್ಟು ಸಲ ಅನ್ನೋ ಲೆಕ್ಕ ಇಳಿಸಿ. ಆದರೆ ಎತ್ತೋ ರೀತಿ ಮಾತ್ರ ಕೆಡಿಸ್ಬೇಡಿ. ಮೊದಲನೇ ಸುತ್ತು ನಿಮಗೇ ನಾಚಿಕೆ ಆಗೋಷ್ಟು ನಿಧಾನ ಇರ್ಬೇಕು. ಕೊನೇದೂ ಅಷ್ಟೇ ಇರ್ಬೇಕು. ಸುಸ್ತಾದ ಮೇಲೆ ನಿಲ್ಲೋದಲ್ಲ, ಸುಸ್ತಾಗೋಕೆ ಮುಂಚೆ ನಿಲ್ಲಿ. ಮೂರು ಉಸಿರು ತಗೊಳ್ಳಿ, ಮತ್ತೆ ಎತ್ತಿ.”

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ನಮ್ಮವರು ಹೇಳಿದ್ದನ್ನೇ ಇವರು ಫೀಸು ತಗೊಂಡು ಹೇಳುತ್ತಿದ್ದಾರೆ ಅಂತ ನಾನು ಗೊಣಗಿದೆ. ಅಕ್ಕ ಮಾತ್ರ ಅದನ್ನು ವೇದವಾಕ್ಯ ಮಾಡಿಕೊಂಡಳು. ಮನೆಯಲ್ಲಿ ಒಬ್ಬರನ್ನು ಎತ್ತಿ, ದಿನವಿಡೀ ನಿಂತು ಮಡಿಸಿ, ಸಂಜೆ ಮತ್ತೆ ಎತ್ತಬೇಕಾದವಳು ಬೆಳಿಗ್ಗೆಯೇ ಕೈ ಖಾಲಿ ಮಾಡಿಕೊಂಡರೆ ಹೇಗೆ? ಅವಳು ಎತ್ತುವಾಗ ಗಡಿಯಾರ ನೋಡುತ್ತಿರಲಿಲ್ಲ, ಪಕ್ಕದವರನ್ನೂ ನೋಡುತ್ತಿರಲಿಲ್ಲ. ಎತ್ತಿ, ಇಳಿಸಿ, ನಿಂತು, ಉಸಿರಾಡಿ, ಮತ್ತೆ ಬಗ್ಗುವಳು. ಕೊನೆಯವರು ಮುಗಿಸುವವರೆಗೆ ಯಾರೂ ತಮ್ಮ ಬ್ಯಾಗು ಹೆಗಲಿಗೇರಿಸಿ ಹೊರಡಬಾರದು, ಸುತ್ತ ನಿಂತು ಚಪ್ಪಾಳೆ ತಟ್ಟಬೇಕು ಎನ್ನುವುದು ಅಲ್ಲಿಯ ಪದ್ಧತಿ. ಹಾಗಾಗಿ ದಿನವೂ ಅವಳಿಗೇ ಚಪ್ಪಾಳೆ. ಮೊದಮೊದಲು ನನಗೇ ಮುಜುಗರವಾಗುತ್ತಿತ್ತು. ಅವಳು, “ಹೊಡೀಲಿ ಬಿಡೇ, ಅವರ ಕೈಗೂ ವ್ಯಾಯಾಮ” ಅಂದಳು.

ಮಗುವಿನಿಂದ ಅವಳು ಸೊಸೆಗೆ ಬಂದಳು. ಸೊಸೆಯನ್ನು ತಬ್ಬಿಕೊಂಡು ಗೋಡೆ ಮುಟ್ಟಿ ಬರುವುದನ್ನೂ ಕಲಿತಳು. ಅಷ್ಟರಲ್ಲಿ ಒಂದು ಬೆಳಿಗ್ಗೆ ನಾನು ಕಾಲು ಹಿಡಿಯಲು ಮೇಲೆ ಹೋದರೆ ಭಾವ ಆಗಲೇ ಕುರ್ಚಿಯಲ್ಲಿ ಕೂತಿದ್ದಾರೆ. ಅಕ್ಕ ಸೊಂಟಕ್ಕೆ ಕೈಕೊಟ್ಟು ನಿಂತಿದ್ದಾಳೆ. ಅವಳ ಮುಖವನ್ನು ನಾನು ಅಷ್ಟು ವರ್ಷದಲ್ಲಿ ಹಾಗೆ ನೋಡಿರಲಿಲ್ಲ.

“ಒಬ್ಬಳೇ ಕಣೇ. ಒಂದೇ ಸಲ ನಡುವೆ ನಿಂತಿದ್ದು.”

“ನಿಮ್ಮ ಮಾಸ್ಟ್ರಿಗೆ ಹೇಳು, ಕಂಪನಿಗೆ ಒಬ್ಬಳು ಹಮಾಲಿ ಸಿಕ್ಕಿದಳು ಅಂತ” ಅಂದರು ಭಾವ. ಅವರು ಅವಳನ್ನೇ ನೋಡುತ್ತಿದ್ದರು.

ಶಾಲೆ ರಜೆ ಬಂತು. ನಾದಿನಿಯೂ ಬಂದಳು. ಅಕ್ಕ ಎರಡು ಕಾಲು ಅಗಲಿಸಿ ನಿಂತು, ಬೆನ್ನು ನೆಟ್ಟಗಿಟ್ಟುಕೊಂಡು, ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಅವರನ್ನು ಎತ್ತಿ ಕುರ್ಚಿಗಿಟ್ಟಳು. ನಾದಿನಿ ಅತ್ತಿಗೆಯನ್ನು ತಬ್ಬಿಕೊಂಡು ಅತ್ತಳು. ಕೇಂದ್ರದ ಮಾತು ಅಲ್ಲಿಗೆ ಮುಗಿಯಿತು. ಜಿಮ್ಮಿನಲ್ಲಿ ಸುದ್ದಿ ಹೇಳಿದಾಗ ಎಲ್ಲರೂ ಕೂಗಾಡಿ ಸಂಭ್ರಮ ಪಟ್ಟರು. ನಮ್ಮ ಗುಂಪಿನವರಿಗೆ ಇದೊಂದು ರೋಗ: ಯಾರಿಗೆ ಏನು ಒಳ್ಳೆಯದಾದರೂ ಅದು ವ್ಯಾಯಾಮದಿಂದಲೇ. ನೆಗಡಿ ಬಿಟ್ಟರೂ ವ್ಯಾಯಾಮ, ಮಗಳಿಗೆ ಕೆಲಸ ಸಿಕ್ಕರೂ ವ್ಯಾಯಾಮ. ಹಾಗಿರುವಾಗ ಇದು ವ್ಯಾಯಾಮದಿಂದಲ್ಲದೆ ಇನ್ನೇತರಿಂದ?

ವಾರ ವಾರಕ್ಕೂ ಅಕ್ಕ ಹೊಸ ವರದಿ ತರುತ್ತಿದ್ದಳು. ಈಗ ನಡುವೆ ನಿಲ್ಲುವುದೇ ಬೇಡವಂತೆ. ಈಗ ಹಾಸಿಗೆಯಿಂದ ಬಚ್ಚಲಿಗೆ ಕುರ್ಚಿಯಿಲ್ಲದೆ ನೇರವಾಗಿಯೇ ಒಯ್ಯುತ್ತಾಳಂತೆ. ಮಾಸ್ಟ್ರು ಖುಷಿಯಾಗಿ ಅವಳ ಸರಳಿಗೆ ತೂಕ ಏರಿಸಲು ನೋಡಿದರು. ಅದು ಆಗಲಿಲ್ಲ. ಹಸಿರು ಪ್ಲೇಟು ದಾಟಿ ಹಳದಿಗೆ ಬಂದರೆ ಸರಳು ನೆಲ ಕಚ್ಚಿಕೊಂಡು ಬಿಡುತ್ತಿತ್ತು.

ಕೆಲವು ತಿಂಗಳಿಗೊಮ್ಮೆ ಹಳೆಯ ವ್ಯಾಯಾಮವನ್ನೇ ಮತ್ತೆ ಮಾಡಿಸಿ ಯಾರು ಎಷ್ಟು ಮುಂದೆ ಬಂದಿದ್ದಾರೆಂದು ನೋಡುವ ದಿನ ಇರುತ್ತಿತ್ತು. ಅಂಥ ಒಂದು ದಿನ ಅಕ್ಕ ಅತ್ತೆಯ ಮುಂದೆ ಹೋಗಿ ನಿಂತಳು. ಬಗ್ಗಿದಳು, ತಬ್ಬಿಕೊಂಡಳು, ಎಳೆದಳು. ಚೀಲ ಮೊಣಕಾಲಿನವರೆಗೂ ಬರಲಿಲ್ಲ. ಮೂರು ಉಸಿರು ತಗೊಂಡು ಮತ್ತೆ ಎಳೆದಳು. ಇಲ್ಲ. ನಗುತ್ತಾ ಎದ್ದು ಹಣೆ ಒರೆಸಿಕೊಂಡು, “ಈ ಅತ್ತೆ ಹಟಮಾರಿ. ನಮ್ಮನೆಯವರು ಹೇಳಿದ ಮಾತು ಕೇಳ್ತಾರೆ” ಅಂದಳು. ಎಲ್ಲರೂ ನಕ್ಕರು. ನರ್ಸೊಬ್ಬಳು, “ಪ್ರೀತಿ ಇದ್ದ ಕಡೆ ಭಾರ ಗೊತ್ತಾಗಲ್ಲ ಅಕ್ಕ” ಅಂದಳು. ಇಂಥ ಮಾತು ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಪ್ರೀತಿ ಇದ್ದರೂ ಗಂಡ ಗಂಡನಷ್ಟೇ ತೂಗುತ್ತಾನೆ.

ಮಾಸ್ಟ್ರು ನಗಲಿಲ್ಲ. ನೀರು ಕುಡಿಯುವ ಜಾಗದಲ್ಲಿ ನನ್ನನ್ನು ನಿಲ್ಲಿಸಿ, “ಅವರ ಯಜಮಾನರು ಆಳು ಹೇಗಿದ್ದಾರೆ?” ಅಂದರು.

“ಆನೆ” ಅಂದೆ.

“ಈ ಚೀಲ ಅವರಿಗಿಂತ ಹಗುರ ಇರ್ಬೇಕಲ್ವಾ?”

ಅಷ್ಟು ಹೇಳಿದವರೇ ಅಕ್ಕನ ಬಳಿ ಹೋಗಿ, ಎತ್ತುವಾಗ ನೀವು ಹಿಡಿಯುವ ರೀತಿ ಒಮ್ಮೆ ನೋಡಬೇಕು, ಮನೆಗೆ ಬರಲಾ ಎಂದು ಕೇಳಿದರು. ಅಕ್ಕನಿಗೆ ಹಿಗ್ಗು. ಭಾನುವಾರ ಬನ್ನಿ ಅಂದಳು.

ಭಾನುವಾರ ಅವರು ಬಂದಾಗ ನಾನೂ ಮೇಲಿದ್ದೆ. ಭಾವ ಸ್ವೆಟರ್ ಹಾಕಿ, ಎದೆಯವರೆಗೆ ಕಂಬಳಿ ಹೊದ್ದು ಮಲಗಿದ್ದರು. ಮಾತ್ರೆಗಳಿಂದಲೋ ಏನೋ ಮುಖ ಊದಿಕೊಂಡು ತುಂಬಿದಂತೆ ಕಾಣುತ್ತಿತ್ತು. ಕಾಲು ಸೊರಗುವುದು ಸಹಜ ಎಂದು ಡಾಕ್ಟರೇ ಹೇಳಿದ್ದರು, ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಅಕ್ಕ ಚಹಾ ಮಾಡಲು ಒಳಗೆ ಹೋದಳು. ಮಾಸ್ಟ್ರು, “ಅಣ್ಣ, ಒಂದ್ಸಲ ನಾನು ಎತ್ತಿ ನೋಡ್ಲಾ?” ಎಂದು ಕಂಬಳಿ ಸರಿಸಿ, ಬೆನ್ನ ಕೆಳಗೆ ಕೈ ತೂರಿಸಿ ಎತ್ತಿದರು. ಎತ್ತಿದವರು ಹಾಗೇ ನಿಂತುಬಿಟ್ಟರು. ಕೆಟ್ಟ ಭುಜದ ಮನುಷ್ಯ, ಒಂದು ಚೂರೂ ಮುಖ ಕಿವಿಚಲಿಲ್ಲ.

ಭಾವ ಅವರ ತೋಳಿನಲ್ಲಿ ಒರಗಿಕೊಂಡೇ, ಒಬ್ಬ ಹಮಾಲಿ ಇನ್ನೊಬ್ಬನನ್ನು ಕೇಳುವ ಹಾಗೆ ಕೇಳಿದರು. “ಎಷ್ಟು ಇರಬಹುದು ಮಾಸ್ಟ್ರೇ?”

ಉತ್ತರವನ್ನೂ ಭಾವನೇ ಕೊಟ್ಟರು.

“ಮೊದಲು ಎರಡು ಬಾಗಿಲಿನ ಫ್ರಿಜ್ಜು. ಈಗ ನನ್ನ ಲೆಕ್ಕದಲ್ಲಿ ಊಟದ ಮೇಜು. ಅದೂ ಕುರ್ಚಿ ಬಿಟ್ಟು. ಅವಳಿಗೆ ಹೇಳ್ಬೇಡಿ.”

ಅಕ್ಕ ಬಾಗಿಲಲ್ಲೇ ಇದ್ದಳು. ಕೈಯಲ್ಲಿ ತಟ್ಟೆ, ತಟ್ಟೆಯಲ್ಲಿ ಮೂರು ಲೋಟ. ತಟ್ಟೆಯನ್ನು ನೆಲದ ಮೇಲಿಟ್ಟು, ಅಡುಗೆಮನೆಯ ಗೋಡೆ ಹಿಡಿದುಕೊಂಡು, “ಯಾವಾಗಿಂದ ಗೊತ್ತು ನಿಮಗೆ?” ಅಂದಳು.

ಮಾಸ್ಟ್ರು ಅವರನ್ನು ಮೆಲ್ಲಗೆ ಮಲಗಿಸಿದರು. ಭಾವ ಅವಳ ಕಡೆ ತಿರುಗಿ ಹೇಳಿದರು. “ನೀನು ಮೊದಲನೇ ಸಲ ಒಬ್ಬಳೇ ಎತ್ತಿದ ದಿನದಿಂದ. ಜೀವಮಾನವೆಲ್ಲ ಭಾರ ಹೊತ್ತೋನು ನಾನು, ನನ್ನ ಭಾರ ನನಗೆ ಗೊತ್ತಾಗಲ್ವಾ? ಅದಕ್ಕೂ ಮುಂಚೆಯಿಂದ ಊಟ ಒಳಗೆ ಹೋಗ್ತಾ ಇರ್ಲಿಲ್ಲ. ಹೇಳೋಣ ಅಂತಲೇ ಇದ್ದೆ. ಆದರೆ ಅವತ್ತು ನಿನ್ನ ಮುಖ ನೋಡಿದೆ ನೋಡು. ಹೇಗೆ ಹೇಳ್ಲಿ?”

ಅಕ್ಕ ಮಧ್ಯಾಹ್ನಕ್ಕೆಂದು ತಲೆದೆಸೆಯಲ್ಲಿ ಇಟ್ಟು ಹೋಗುತ್ತಿದ್ದ ಊಟವನ್ನು ಅವರು ಕೈಗೆಟುಕುವ ಕಿಟಕಿಯಿಂದ ಪಾರಿವಾಳಗಳಿಗೆ ಹಾಕುತ್ತಿದ್ದರು. ನನ್ನ ಅಂಗಡಿಯ ತಗಡಿನ ಮೇಲೆ ಹಿಂಡು ಹಿಂಡು ಪಾರಿವಾಳ ಬಂದು ಕೂತು ಗಲೀಜು ಮಾಡುತ್ತಿದ್ದದ್ದು ಯಾಕೆಂದು ಆಗ ತಿಳಿಯಿತು. ನಾನು ಅವುಗಳಿಗೆ ಹಾಕಿದ ಶಾಪ ಒಂದೆರಡಲ್ಲ.

ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಹೊಟ್ಟೆಯೊಳಗೆ ಕ್ಯಾನ್ಸರ್ ಗಡ್ಡೆ, ಅದು ಆಗಲೇ ಪಿತ್ತಕೋಶದ ಕಡೆಗೂ ಹಬ್ಬಿತ್ತು. ಮೊದಲೇ ಬಂದಿದ್ದರೂ ಬಹಳ ವ್ಯತ್ಯಾಸ ಆಗುತ್ತಿರಲಿಲ್ಲ ಅಂದರು ಡಾಕ್ಟರು. ಸಮಾಧಾನಕ್ಕೆ ಹೇಳಿದರೋ ನಿಜವೋ, ಅಕ್ಕ ಅದನ್ನು ನಂಬಲಿಲ್ಲ. ಮೆಟ್ಟಿಲು ಹತ್ತುವಾಗ ನನ್ನ ಕೈ ಹಿಡಿದು, “ದಿನಕ್ಕೆ ನಾಲ್ಕು ಸಲ ತೋಳಲ್ಲಿ ಎತ್ತಿದೀನಿ ಕಣೇ. ಬೇರೆಯವರಿಗೆ ಗೊತ್ತಾಗ್ದೇ ಇರಬಹುದು, ನನಗೆ ಗೊತ್ತಾಗ್ಬೇಕಿತ್ತು. ನಾನು ಗಟ್ಟಿಯಾದೆ ಅಂತ ಮೆರೆದೆ” ಅಂದಳು. ನನಗೆ ದುಃಖದ ಜೊತೆ ಸಿಟ್ಟೂ ಬಂದಿತ್ತು. ಇಷ್ಟು ದಿನ ಕಷ್ಟಪಟ್ಟವಳಿಗೆ ದೇವರು ಕೊಟ್ಟ ಒಂದೇ ಒಂದು ಹೆಮ್ಮೆ ಅದು. ಅದಕ್ಕೂ ಕಲ್ಲು ಹಾಕಿದ್ದ.

ನಾದಿನಿ ಮತ್ತೆ ಬಂದಳು. ಈ ಸಲ ಯಾವ ಮಾತೂ ಎತ್ತದೆ ಅಡುಗೆಮನೆ ವಹಿಸಿಕೊಂಡಳು. ಅಕ್ಕ ಹೋಟೆಲಿಗೆ ರಜೆ ಹಾಕಿದಳು, ಜಿಮ್ಮಿಗೆ ಹೋಗುವುದನ್ನೂ ಬಿಟ್ಟಳು. ಆದರೆ ಎತ್ತುವ ಕೆಲಸ ಯಾರಿಗೂ ಬಿಟ್ಟುಕೊಡಲಿಲ್ಲ.

ಆಮೇಲೆ ಆ ಮನೆಯಲ್ಲಿ ನಾನು ನೋಡಿದ್ದನ್ನು ಹೇಳಿಬಿಡುತ್ತೇನೆ. ಭಾವ ದಿನದಿಂದ ದಿನಕ್ಕೆ ಇಳಿಯುತ್ತಿದ್ದರು. ನನ್ನಂಥ ಮೊಣಕಾಲು ನೋವಿನವಳೂ ಒಬ್ಬಳೇ ಎತ್ತಬಹುದಿತ್ತು. ಆದರೆ ಅಕ್ಕ ಎತ್ತುವಾಗ ಮೊದಲಿನ ಹಾಗೆಯೇ ಕಾಲು ಅಗಲಿಸಿ ನಿಲ್ಲುವಳು, ಹಲ್ಲು ಕಚ್ಚುವಳು, ಎತ್ತುತ್ತಾ ನರಳುವಳು. ಹಾಸಿಗೆಗೂ ಕುರ್ಚಿಗೂ ನಡುವೆ ನಿಂತು ಏದುಸಿರು ಬಿಡುವಳು. ಎದೆ ಮೇಲೆ ಕೆಳಗೆ ಆಗುವುದು ಅವರಿಗೆ ತಿಳಿಯಬೇಕೆಂದು ಗಟ್ಟಿಯಾಗಿ ತಬ್ಬಿಕೊಂಡೇ ಉಸಿರಾಡುವಳು. ಎಷ್ಟು ಭಾರ ಇದೀರಪ್ಪಾ ಎಂದು ಬೈಯುವಳು.

ಅವರಿಗೆ ಗೊತ್ತಾಗದೆ ಇರುತ್ತದೆಯೇ? ಕಣ್ಣು ಮುಚ್ಚಿಕೊಂಡು, “ನಿಧಾನ ಕಣೇ. ಬೀರು ಅದು. ಒಂದೇ ಸಲಕ್ಕೆ ಆಗಲ್ಲ. ಮೂರು ಉಸಿರು ತಗೋ” ಅನ್ನುತ್ತಿದ್ದರು. ಅವಳು ಮೂರು ಉಸಿರು ತಗೊಳ್ಳುತ್ತಿದ್ದಳು. ಒಮ್ಮೊಮ್ಮೆ ನಾಲ್ಕು, ಐದು. ಇಳಿಸಲು ಮನಸ್ಸೇ ಇರುತ್ತಿರಲಿಲ್ಲ. ನಾದಿನಿ ಒಲೆ ಆರಿಸಿ ಮುಖ ಮುಚ್ಚಿಕೊಳ್ಳುತ್ತಿದ್ದಳು. ನಾನು ಅಂಗಡಿಯಲ್ಲಿ ಯಾರೋ ಕಾಯುತ್ತಿದ್ದಾರೆ ಎಂದು ಸುಳ್ಳು ಹೇಳಿ ಮೆಟ್ಟಿಲಿಗೆ ಬಂದು ಅಳುತ್ತಿದ್ದೆ.

ಒಂದು ಬೆಳಿಗ್ಗೆ ಕುರ್ಚಿಗೆ ಕೂರಿಸಲೆಂದು ಅಕ್ಕ ಕಂಬಳಿ ತೆಗೆದಾಗ ಭಾವ ಹೋಗಿಯಾಗಿತ್ತು.

ಅವರ ಕಂಪನಿಯಿಂದ ಜೊತೆಗಾರರು ನಾಲ್ಕು ಜನ ಬಂದರು. ಎಲ್ಲ ದೊಡ್ಡ ಆಳುಗಳು. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದು, ಕಣ್ಣೊರೆಸಿಕೊಂಡು, ಅಭ್ಯಾಸಬಲದಿಂದ ಹಾಸಿಗೆಯ ನಾಲ್ಕು ಮೂಲೆಗೆ ಒಬ್ಬೊಬ್ಬರಾಗಿ ನಿಂತರು. ಪಕ್ಕದಲ್ಲೇ ಸ್ಟ್ರೆಚರ್ ಇಟ್ಟಿತ್ತು. ಅಕ್ಕ ಮೂಲೆಯಿಂದ ಎದ್ದು ಬಂದಳು.

“ನೀವು ಮೆಟ್ಟಿಲು ಇಳಿಸಿ. ಇಲ್ಲಿಂದ ನಾನು ಎತ್ತಿಡ್ತೀನಿ” ಅಂದಳು.

ಅವರು ಹಿಂದೆ ಸರಿದರು. ಅಕ್ಕ ಬಗ್ಗಿ ಬೆನ್ನ ಕೆಳಗೊಂದು ಕೈ, ಮೊಣಕಾಲ ಕೆಳಗೊಂದು ಕೈ ತೂರಿಸಿ ಎತ್ತಿದಳು. ನರಳಲಿಲ್ಲ, ಹಲ್ಲು ಕಚ್ಚಲಿಲ್ಲ, ನಡುವೆ ನಿಲ್ಲಲಿಲ್ಲ. ಒಂದೇ ಸಲಕ್ಕೆ ತಂದು ಸ್ಟ್ರೆಚರ್ ಮೇಲೆ ಮಲಗಿಸಿ, ತಲೆ ಸರಿ ಮಾಡಿ, ಎದ್ದು ನಿಂತಳು.

“ಏನೂ ಭಾರ ಇರ್ಲಿಲ್ಲ ಕಣೇ” ಅಂದಳು ನನಗೆ. “ಎಷ್ಟು ದಿನದಿಂದ ಏನೂ ಭಾರ ಇರ್ಲಿಲ್ಲ.”

ಆಮೇಲೆ ಅಲ್ಲೇ ಕುಸಿದು ಕೂತವಳನ್ನು ನೆಲದಿಂದ ಎಬ್ಬಿಸಲು ಆ ನಾಲ್ಕು ಜನರಿಗೂ ಆಗಲಿಲ್ಲ.